ಮಜಾಮಾ ಎಂದವನಿಗೆ ಮುಂದಿನ ತಾರೀಖು ಇಲ್ಲ

ಕಾಯಿಲೆ ಬಿದ್ದವರು ಆಸ್ಪತ್ರೆಗೆ ಹೋಗುವುದು ಲೋಕರೂಢಿ. ಚೆನ್ನಾಗಿರುವವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಗೆ ಗಂಧ ಇಟ್ಟು, ಮನೋರೋಗ ವಿಭಾಗದ ಬೆಂಚಿನ ಮೇಲೆ ಕುಳಿತು, ನನ್ನನ್ನು ನೋಡಿಯೇ ಕಳಿಸಬೇಕು ಎಂದು ಪಟ್ಟು ಹಿಡಿಯುವುದು ಅಹಮದಾಬಾದಿನಲ್ಲಿ ಅಪರಾಧವಲ್ಲದಿದ್ದರೂ ಅದರ ಹತ್ತಿರದ ಸಂಬಂಧಿಯಾಗಿತ್ತು. ಅದನ್ನು ನಾನು ಹಲವು ವರ್ಷ, ತಿಂಗಳಿಗೊಮ್ಮೆ, ಪೂರ್ಣ ಪ್ರಜ್ಞೆಯಿಂದ ಎಸಗಿದ್ದೇನೆ. ಪಶ್ಚಾತ್ತಾಪವಿಲ್ಲ.

ಗುಜರಾತಿನ ಆ ದೊಡ್ಡ ಭೂಕಂಪ ಕಳೆದು ಒಂದೆರಡು ವರ್ಷವಾಗಿದ್ದ ಕಾಲ. ನವರಂಗಪುರದಲ್ಲಿ ನಮ್ಮದೊಂದು ಹೋಟೆಲು, ಅದರ ಹಿಂದೆಯೇ ಮನೆ. ಕುಂದಾಪುರದ ಕಡೆಯಿಂದ ಮೊದಲು ಬಂದವನು ಅಣ್ಣಯ್ಯ. ಅಡುಗೆಮನೆ ಅವನ ಸಾಮ್ರಾಜ್ಯ. ಗಲ್ಲಾ ನನ್ನದು. ಗಲ್ಲಾದಲ್ಲಿ ಕುಳಿತವನಿಗೆ ಗುಜರಾತಿನಲ್ಲಿ ಎರಡು ಧರ್ಮಗಳಿವೆ. ಮೊದಲನೆಯದು, ಒಳಗೆ ಬಂದ ಪ್ರತಿಯೊಬ್ಬನೂ "ಕೇಮ್ ಛೋ, ಅಣ್ಣಾ?" ಎಂದು ಯೋಗಕ್ಷೇಮ ಕೇಳುತ್ತಾನೆ, ಅದಕ್ಕೆ "ಮಜಾಮಾ" ಎನ್ನಬೇಕು. ಮಜವಾಗಿದ್ದೇನೆ ಎಂದರ್ಥ. ಬೇರೆ ಉತ್ತರ ಆ ಊರಿನಲ್ಲಿ ಚಲಾವಣೆಯಲ್ಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವನೂ, ವ್ಯಾಪಾರದಲ್ಲಿ ಮುಳುಗಿದವನೂ, ಬಾಯಿ ತೆರೆಯಲು ಸಾಧ್ಯವಿರುವ ತನಕ ಮಜಾಮಾ. ಎರಡನೆಯದು, ಸಾಂಬಾರಿಗೆ ಸಕ್ಕರೆ ಕೇಳುವವರನ್ನು ಎದುರಿಸಬೇಕು. ನಮ್ಮ ಕಡೆಯ ಸಾಂಬಾರಿಗೆ ಬೆಲ್ಲ ಬೀಳುತ್ತದೆ, ಬೇಕಾದಷ್ಟೇ ಬೀಳುತ್ತದೆ. ಅದರ ಮೇಲೆ ಸಕ್ಕರೆ ಕೇಳುವ ಗಿರಾಕಿಗೂ ನನಗೂ ದಿನಾ ಒಂದು ಸುತ್ತು ಧರ್ಮಯುದ್ಧ ನಡೆಯುತ್ತಿತ್ತು. "ಪಾಯಸ ಬೇಕಾದರೆ ಪಾಯಸ ಹೇಳಿ, ಅದು ಬೇರೆ ಉಂಟು" ಎನ್ನುತ್ತಿದ್ದೆ. ಅವರು ನಗುತ್ತಿದ್ದರು, ಮರುದಿನ ಬಂದು ಮತ್ತೆ ಕೇಳುತ್ತಿದ್ದರು.

ಈ ಎರಡು ಧರ್ಮಗಳ ನಡುವೆ ನನಗೊಂದು ಕಾಯಿಲೆಯೂ ಇತ್ತು. ಡಾಕ್ಟರರು ಅದನ್ನು ಡಿಪ್ರೆಶನ್ ಎಂದರು. ಮನೆಯಲ್ಲಿ ನಾವು ಅದಕ್ಕೆ 'ಗೋಡೆ' ಎನ್ನುತ್ತಿದ್ದೆವು, ಬಂದಾಗ ನಾನು ಗೋಡೆಗೆ ಮುಖ ಮಾಡಿ ಮಲಗಿ ಬಿಡುತ್ತಿದ್ದುದರಿಂದ. ಮೊದಲ ಸಲ ಬಂದದ್ದು ಮದುವೆಯಾದ ಹೊಸತರಲ್ಲಿ. ಎರಡನೆಯ ಸಲ ಬಂದಾಗ ಎರಡು ತಿಂಗಳು ಆಸ್ಪತ್ರೆಯ ಮಂಚದಲ್ಲಿದ್ದೆ. ಅದರಲ್ಲಿ ಒಂದು ವಾರ ಬದುಕುವ ವಿಷಯದಲ್ಲಿ ನನಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಹೆಂಡತಿ ಆ ವಾರವಿಡೀ ನನ್ನ ಪಂಚೆಯ ತುದಿಯನ್ನು ತನ್ನ ಸೆರಗಿಗೆ ಗಂಟು ಹಾಕಿಕೊಂಡು ಮಂಚದ ಪಕ್ಕದಲ್ಲಿ ನೆಲದ ಮೇಲೆ ಮಲಗಿದ್ದಳು. ಮೂರನೆಯ ಸಲ ಬಂದರೆ ಆ ಗಂಟು ಸಾಲದೆ ಹೋಗಬಹುದು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಾಗಾಗಿ ಮೂರನೆಯ ಸಲ ಬರಕೂಡದು. ನನಗೆ ಬೇಕಾಗಿದ್ದದ್ದು ಅಷ್ಟೇ.

ನನ್ನ ಕಾಯಿಲೆ ತಕ್ಕಮಟ್ಟಿಗೆ ಸಭ್ಯವಾದದ್ದು. ಬರುವ ಮೊದಲು ಹೇಳಿ ಕಳಿಸುತ್ತದೆ. ಮೊದಲು ಕಾಫಿ ಡಿಕಾಕ್ಷನ್ನಿನ ಪರಿಮಳ ಹೋಗುತ್ತದೆ. ಲೋಟ ಮೂಗಿನ ಕೆಳಗಿದ್ದರೂ ಬಿಸಿನೀರು ಹಿಡಿದಂತೆ. ಆಮೇಲೆ ಜಗಳ ಹೋಗುತ್ತದೆ. ಯಾರಾದರೂ ಸಾಂಬಾರಿಗೆ ಸಕ್ಕರೆ ಕೇಳಿದರೆ, "ಹಾಕಿ ಕೊಡಿ" ಎಂದು ಬಿಡುತ್ತೇನೆ. ಎರಡನೆಯ ಸಲ ಹೀಗಾದಾಗ ಇಡೀ ಹೋಟೆಲು ಸಂಭ್ರಮಪಟ್ಟಿತು. ಗಿರಾಕಿಗಳು ಅಣ್ಣಯ್ಯನನ್ನು ಕರೆದು, ನಿಮ್ಮ ತಮ್ಮ ಎಷ್ಟು ಸುಧಾರಿಸಿದ್ದಾರೆ ಎಂದರು. ಅಣ್ಣಯ್ಯ ನನ್ನ ಬೆನ್ನು ತಟ್ಟಿ, "ಈಗ ನೋಡು, ವ್ಯಾಪಾರಸ್ಥ ಆದೆ ನೀನು. ಇಷ್ಟು ದಿವಸ ಎಂತ ಆಗಿತ್ತು ನಿನಗೆ?" ಎಂದ. ಮನುಷ್ಯನೊಬ್ಬ ಮುಳುಗುತ್ತಿರುವಾಗ ದಡದಲ್ಲಿ ನಿಂತವರು ಅವನ ವಿನಯವನ್ನು ಕೊಂಡಾಡಿದ ಪ್ರಸಂಗ ಅದು.

ನನಗೆ ಮಾತ್ರ ಅನುಮಾನ ಬಂದಿತ್ತು. ಒಂದು ಟ್ರಸ್ಟಿನವರು ನಡೆಸುತ್ತಿದ್ದ ಆಸ್ಪತ್ರೆಗೆ, ನಮ್ಮವರ ಕ್ರಮದಂತೆ ಮಿಂದು, ಗಡ್ಡ ಬೋಳಿಸಿ, ಬಿಳಿ ಅಂಗಿ ಹಾಕಿಕೊಂಡು ಹೋದೆ. ದೊಡ್ಡವರನ್ನು ಕಾಣಲು ಹೋಗುವಾಗ ಕೊಳಕಾಗಿ ಹೋಗಬಾರದಲ್ಲ. ಮೇಜಿನ ಹಿಂದಿದ್ದ ಡಾಕ್ಟರು ತಲೆಯೆತ್ತಿ, "ಕೇಮ್ ಛೋ?" ಎಂದರು. ಇಪ್ಪತ್ತು ವರ್ಷ ಗಲ್ಲಾದಲ್ಲಿ ತಯಾರಾದ ಬಾಯಿ ನನ್ನನ್ನು ಕೇಳದೆಯೇ "ಮಜಾಮಾ" ಎಂದಿತು. ಅವರು ನನ್ನ ಅಂಗಿಯ ಇಸ್ತ್ರಿ ನೋಡಿದರು. ಏನೋ ಗೀಚಿ, "ತೊಂದರೆ ಆದರೆ ಬನ್ನಿ" ಎಂದು ಕಳಿಸಿದರು. ತೊಂದರೆ ಆಯಿತು. ಬಂದೆ. ಆದರೆ ನಡೆದು ಬರಲಿಲ್ಲ. ಒಂದು ಕಡೆ ಅಣ್ಣಯ್ಯ, ಇನ್ನೊಂದು ಕಡೆ ನಮ್ಮ ಅಡುಗೆಯ ಭಟ್ಟರು ಹಿಡಿದುಕೊಂಡು ಬಂದರು.

ಗುಣವಾಗಿ ಎದ್ದ ಮೇಲೆ ಕೆಲವು ತಿಂಗಳು ಮಾತ್ರೆ ಕೊಟ್ಟರು, ಆಮೇಲೆ ನಿಲ್ಲಿಸಿದರು. ಕೊನೆಯ ದಿನ ಕೇಳಿದೆ, "ಮುಂದಿನ ತಾರೀಖು?"

"ಏತಕ್ಕೆ? ನೀವು ಗುಣವಾಗಿದ್ದೀರಿ."

"ಹಾಗೇ ಉಳಿಯುವುದಕ್ಕೆ."

ಅಂಥ ವಿಭಾಗ ಅಲ್ಲಿರಲಿಲ್ಲ. ಬಿದ್ದವರನ್ನು ಎತ್ತುವ ಏರ್ಪಾಡು ಇತ್ತು, ಒಳ್ಳೆಯದೇ ಇತ್ತು. ಬೀಳದಂತೆ ಕೈ ಹಿಡಿಯುವವರಿಗೆ ಕುರ್ಚಿ ಹಾಕಿರಲಿಲ್ಲ. ನಾನು ಆ ಕುರ್ಚಿ ಹುಡುಕಿಕೊಂಡು ಹೊರಟೆ.

ನವರಂಗಪುರದಲ್ಲೇ ಒಬ್ಬ ಖಾಸಗಿ ಡಾಕ್ಟರಿದ್ದರು. ಅವರು ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನಿದ್ದೆಯ ಮಾತ್ರೆ ಬರೆದು ಮುಗಿಸಿದ್ದರು. ನಿದ್ದೆ ಚೆನ್ನಾಗಿ ಬರುತ್ತದೆ ಎಂದೆ. ಹಾಗಿದ್ದರೆ ಟೆನ್ಶನ್ ಮಾಡಿಕೊಳ್ಳಬೇಡಿ ಎಂದರು. ಅದನ್ನು ಅಣ್ಣಯ್ಯ ಮನೆಯಲ್ಲೇ ಹೇಳುತ್ತಿದ್ದ, ಪುಕ್ಕಟೆಯಾಗಿ.

ಆಮೇಲೆ ವಡೋದರಾ. ನನ್ನ ತಂಗಿಯ ಗಂಡ ಕೊಯಾಲಿಯ ರಿಫೈನರಿಯಲ್ಲಿ ಕೆಲಸದಲ್ಲಿದ್ದ, ಅಲ್ಲಿನ ಕಾಲೊನಿಯಲ್ಲೇ ಮನೆ. ನನ್ನ ಅಹವಾಲು ಕೇಳಿ ಅವನಿಗೆ ಏನೂ ವಿಚಿತ್ರ ಅನಿಸಲಿಲ್ಲ. "ನಮ್ಮಲ್ಲಿ ಪಂಪು ಸರಿಯಾಗಿ ಓಡ್ತಾ ಇರುವಾಗಲೇ ನಿಲ್ಲಿಸಿ, ಬಿಚ್ಚಿ ನೋಡ್ತಾರೆ ಭಾವ. ಕೆಡುವ ತನಕ ಕಾಯ್ತಾ ಕೂತರೆ ನೌಕರಿ ಹೋಗ್ತದೆ" ಎಂದ. ಆ ರಾತ್ರಿಯ ಊಟಕ್ಕೆ ಕುಳಿತಾಗ ಕಿಟಕಿಯಾಚೆ ಚಿಮಣಿಯ ಬೆಂಕಿ ಕಾಣುತ್ತಿತ್ತು. ಪಂಪಾಗಿ ಹುಟ್ಟದೆ ಮನುಷ್ಯನಾಗಿ ಹುಟ್ಟಿದ್ದಕ್ಕೆ ನನಗೆ ಮೊದಲ ಬಾರಿ ಬೇಸರವಾಯಿತು.

ಮರುದಿನ ಅವನು ನನ್ನನ್ನು ಸ್ಕೂಟರಿನಲ್ಲಿ ಫತೇಗಂಜಿಗೆ ಕರೆದುಕೊಂಡು ಹೋದ. ಬಾಡಿಗೆ ಮಹಡಿಯ ಮೇಲೆ ಒಂದು ಸಲಹಾ ಕೇಂದ್ರ. ಮನಶ್ಶಾಸ್ತ್ರದ ಓದು ಮುಗಿಸುತ್ತಿದ್ದ ಹುಡುಗಿಯರು ಅಭ್ಯಾಸಕ್ಕೆಂದು ಅಲ್ಲಿ ಕೂರುತ್ತಿದ್ದರು. ನನ್ನ ಪಾಲಿಗೆ ಬಂದವಳು ಬಹಳ ಒಳ್ಳೆಯವಳು. ನನ್ನ ಬಾಲ್ಯ ಹೇಗಿತ್ತು ಎಂದು ಕೇಳಿದಳು, ಹೇಳಿದೆ. ಮುಂದಿನ ತಿಂಗಳು ರೈಲು ಹತ್ತಿ ಹೋದರೆ ಅವಳ ಅವಧಿ ಮುಗಿದಿತ್ತು, ಇನ್ನೊಬ್ಬಳಿದ್ದಳು. ಅವಳೂ ಒಳ್ಳೆಯವಳು. ಬಾಲ್ಯ ಹೇಗಿತ್ತು ಎಂದು ಕೇಳಿದಳು. ಅದರ ಮುಂದಿನ ತಿಂಗಳು ಮತ್ತೊಬ್ಬಳು. ನಾನು ಅಲ್ಲಿ ಹತ್ತನೆಯ ವಯಸ್ಸು ದಾಟಲೇ ಇಲ್ಲ. ನನ್ನ ಕಷ್ಟ ಶುರುವಾಗುವ ವಯಸ್ಸಿಗೆ ಬರಬೇಕಾದರೆ ಇನ್ನೆಷ್ಟು ಬ್ಯಾಚು ಪಾಸಾಗಬೇಕೋ ಎಂದು ಲೆಕ್ಕ ಹಾಕಿ ಬಿಟ್ಟುಬಿಟ್ಟೆ.

ಸೂರತ್ತಿಗೆ ಹೋದದ್ದು ಸಂಬಂಧಿಕರ ಹೋಟೆಲಿನ ಪೂಜೆಗೆ. ಅಲ್ಲಿ ದೊಡ್ಡ ಡಾಕ್ಟರೊಬ್ಬರಿದ್ದಾರೆ, ಬಟ್ಟೆ ವ್ಯಾಪಾರಿಗಳೆಲ್ಲ ಅವರ ಬಳಿಗೇ ಹೋಗುವುದು ಎಂದರು. ಹೋದೆ. ಅವರು ತಾಳ್ಮೆಯಿಂದ ಕೇಳಿದರು. ಪೂರ್ತಿ ಕೇಳಿ, ಎದ್ದು ನಿಂತು, ನನ್ನ ಕೈ ಕುಲುಕಿದರು. "ನೀವು ಫಸ್ಟ್ ಕ್ಲಾಸ್ ಇದ್ದೀರಿ. ಸೂರತ್ತಿಗೆ ಬಂದಿದ್ದೀರಿ, ಚೆನ್ನಾಗಿ ತಿನ್ನಿ, ತಿರುಗಾಡಿ. ಜರೂರತ್ತು ಬಿದ್ದರೆ ಫೋನ್ ಮಾಡಿ."

"ಜರೂರತ್ತು ಬಿದ್ದಾಗ ನನಗೆ ಫೋನು ಎತ್ತಲಿಕ್ಕೆ ಆಗುವುದಿಲ್ಲ."

"ಎತ್ತಲು ಆದರೆ ಮಾಡಿ" ಎಂದರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಅಷ್ಟು ದೂರ ರೈಲಿನಲ್ಲಿ ಬಂದದ್ದಕ್ಕೆ ಈ ಒಂದು ವಾಕ್ಯ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟು, ಅವರ ಸಲಹೆಯಂತೆ ಚೆನ್ನಾಗಿ ತಿಂದು ಬಂದೆ.

ಬರಿಗೈಯಲ್ಲಿ ಬಂದವನನ್ನು ನೋಡಿ ಅಣ್ಣಯ್ಯನಿಗೆ ಸಹನೆ ತಪ್ಪಿತು. ತೆಂಗಿನಕಾಯಿ ತುರಿಯುತ್ತಿದ್ದವನು ಕೈ ನಿಲ್ಲಿಸಿದ.

"ಅಲ್ಲ ಮಾರಾಯ, ಜನ ಕಾಯಿಲೆ ಇದ್ದರೂ ಹೇಳಿಕೊಳ್ಳುವುದಿಲ್ಲ. ನೀನು ಕಾಯಿಲೆ ಇಲ್ಲದೆ ಊರೂರಲ್ಲಿ ಡಂಗುರ ಹೊಡೆಸ್ತಾ ಇದ್ದೀ. ನಾಳೆ ಗಿರಾಕಿಗೆ ಗೊತ್ತಾದರೆ?"

"ಗಿರಾಕಿಗೆ ದೋಸೆ ಬೇಕು, ಅಣ್ಣಯ್ಯ. ನನ್ನ ತಲೆ ಬೇಡ. ನೀನು ದಿನಾ ಬೆಳಿಗ್ಗೆ ಕಾವಲಿಗೆ ಎಣ್ಣೆ ಹಚ್ಚಿ ಈರುಳ್ಳಿಯಲ್ಲಿ ಉಜ್ಜುವುದು ಎಂತಕ್ಕೆ? ದೋಸೆ ಅಂಟಿಕೊಂಡ ಮೇಲೆ ಉಜ್ಜಿದರೆ ಸಾಲದಾ?"

"ಕಾವಲಿಗೂ ನಿನಗೂ ಎಂತ ಸಂಬಂಧ?"

"ಕಾವಲಿಯ ಅದೃಷ್ಟ ದೊಡ್ಡದು ಅಂತ."

ಅವನು ಮತ್ತೆ ತುರಿಯತೊಡಗಿದ. ಹೆಂಡತಿ ಒಳಗೆ ಅಕ್ಕಿ ಆರಿಸುತ್ತಿದ್ದವಳು ನನ್ನನ್ನು ಕರೆದಳು. ತರಕಾರಿಯವರ ಜೊತೆ, ನೆರೆಮನೆಯವರ ಜೊತೆ ಮಾತಾಡಿ ಅವಳ ಗುಜರಾತಿ ನನ್ನದಕ್ಕಿಂತ ಸ್ವಚ್ಛವಾಗಿತ್ತು, ಆ ಊರಿನ ನಡೆನುಡಿಯೂ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಒಂದು ಹೇಳ್ತೇನೆ, ಸಿಟ್ಟು ಮಾಡಬೇಡಿ. ಈ ಸಲ ಆಸ್ಪತ್ರೆಗೆ ಹೋಗುವಾಗ ಗಡ್ಡ ತೆಗೀಬೇಡಿ. ಆ ಹಳೇ ಅಂಗಿ ಉಂಟಲ್ಲ, ಮಸಿ ಹಿಡಿದದ್ದು, ಅದನ್ನು ಹಾಕ್ಕೊಳ್ಳಿ. ಕೇಳಿದ್ದಕ್ಕೆ ಉತ್ತರ ಕೊಡಬೇಡಿ, ನೆಲ ನೋಡಿ. ತಾರೀಖು ಕೊಡ್ತಾರೆ."

"ವೇಷ ಕಟ್ಟು ಅಂತೀಯಾ?"

"ಒಂದು ದಿವಸದ ವೇಷ. ಯಾರಿಗೆ ನಷ್ಟ?"

ಯೋಚಿಸಿದೆ. ಅವಳ ಉಪಾಯದಲ್ಲಿ ತಪ್ಪಿರಲಿಲ್ಲ, ಬಹುಶಃ ಕೆಲಸವೂ ಆಗುತ್ತಿತ್ತು. ಆದರೆ ಎರಡು ಸಲ ನಿಜವಾಗಿ ಕಟ್ಟಿದ ವೇಷ ಅದು. ಆ ಅಂಗಿಯೊಳಗೆ ಹೇಗಿದ್ದೆ ಎಂದು ನನಗೆ ಗೊತ್ತಿದೆ. ಸೌಖ್ಯವಾಗಿರುವುದಕ್ಕೆ ಸಹಾಯ ಬೇಕಾದರೆ ಸೌಖ್ಯವನ್ನು ಬಚ್ಚಿಟ್ಟು ಬಾ ಎನ್ನುವ ಬಾಗಿಲಲ್ಲಿ ಬಗ್ಗಿ ನುಗ್ಗಲು ನನಗೆ ಮನಸ್ಸಾಗಲಿಲ್ಲ.

"ಇಸ್ತ್ರಿ ಮಾಡು ಮಾರಾಯ್ತಿ" ಎಂದೆ. "ಬಿಳಿಯದ್ದು."

ಅವಳು ಬಿಳಿಯದ್ದನ್ನು ಬಿಡಿಸಿ ನೋಡಿ, "ಕಾಲರು ಸವೆದಿದೆ, ನೀಲಿಯದ್ದು ಮಾಡ್ತೇನೆ" ಎಂದಳು.

ಹೀಗೆ ನಾನು ಅದೇ ಟ್ರಸ್ಟಿನ ಆಸ್ಪತ್ರೆಗೆ, ನೀಲಿ ಅಂಗಿಯಲ್ಲಿ, ಯುದ್ಧಕ್ಕೆ ಹೊರಟವನ ಗಾಂಭೀರ್ಯದಿಂದ ಮರಳಿದೆ. ಹೊರಗಿನ ಬೆಂಚಿಗೆ ಒಂದು ಕಾಲು ಗಿಡ್ಡ; ಒಬ್ಬ ಎದ್ದರೆ ಉಳಿದವರೆಲ್ಲ ಒಂದು ಕಡೆಗೆ ವಾಲುತ್ತಿದ್ದರು. ಮನಸ್ಸಿನ ಸಮತೋಲಕ್ಕೆ ಬಂದವರನ್ನು ಕೂರಿಸಲು ಅದಕ್ಕಿಂತ ತಕ್ಕ ಪೀಠ ಸಿಗಲಾರದು. ನನ್ನ ಸರದಿ ಬಂದಾಗ ಒಳಗೆ ಇದ್ದದ್ದು ಹೊಸ ಡಾಕ್ಟರು, ಚಿಕ್ಕ ಪ್ರಾಯದ ಹೆಂಗಸು. ನಮ್ಮ ಮಾತು ಹಿಂದಿಯಲ್ಲಿ, ನಡುನಡುವೆ ಗುಜರಾತಿಯಲ್ಲಿ ನಡೆಯಿತು. ಮೊದಲು ಬೆಂಚಿನ ವಿಷಯ ದೂರಿದೆ. ಅವರು ಅದನ್ನು ಕೇಳಿಸಿಕೊಳ್ಳದವರಂತೆ ಕೇಸ್ ಪೇಪರ್ ತೆರೆದರು.

"ಕೇಮ್ ಛೋ, ಕಾಕಾ?"

ಬಾಯಿಗೆ ಬಂದದ್ದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. "ಚೆನ್ನಾಗಿದ್ದೇನೆ. ಅದಕ್ಕೇ ಬಂದೆ."

"ನಿದ್ದೆ?"

"ಬರುತ್ತದೆ."

"ಊಟ?"

"ಹೋಟೆಲಿನವನು. ಬೇಡವೆಂದರೂ ಆಗುತ್ತದೆ."

"ಮತ್ತೆ ತಕಲೀಫ್ ಏನು?"

"ನೀವು ಯಾರೂ ಮುಂದಿನ ತಾರೀಖು ಕೊಡದೇ ಇರುವುದು."

ಅವರು ಪೆನ್ನು ಕೆಳಗಿಟ್ಟರು. "ಹೊರಗೆ ನೋಡಿದಿರಲ್ಲ, ಕಾಕಾ. ಮಗನ ಕೈ ಕಟ್ಟಿ ಕರೆತಂದ ತಾಯಿ ಇದ್ದಾಳೆ. ನಿಮಗೆ ಹತ್ತು ನಿಮಿಷ ಕೊಟ್ಟರೆ ಅದನ್ನು ಅವಳ ಪಾಲಿನಿಂದ ತೆಗೆಯಬೇಕು."

ಮಾತು ನ್ಯಾಯವಾದದ್ದು. ನನಗೂ ಒಂದು ಕ್ಷಣ ಎದ್ದು ಹೋಗೋಣ ಅನಿಸಿತು. ಎದ್ದರೆ ಮುಗಿಯಿತು ಎಂದು ಕುರ್ಚಿಯ ಕೈ ಹಿಡಿದುಕೊಂಡೆ.

"ನೋಡಿದೆ, ಬೆಹನ್. ಹೋದ ಸಲ ಆ ಜಾಗದಲ್ಲಿ ನಾನಿದ್ದೆ. ಆಗ ನೀವು ಕೊಟ್ಟದ್ದು ಹತ್ತು ನಿಮಿಷ ಅಲ್ಲ, ಎರಡು ತಿಂಗಳು ಒಂದು ಮಂಚ. ಅವಳ ಮಗನಿಗೆ ಆ ಮಂಚ ಬೇಕಾದೀತು. ನಾನು ಅದಕ್ಕೆ ಮತ್ತೆ ಬರಬಾರದು ಅಂತಲೇ ಹತ್ತು ನಿಮಿಷ ಕೇಳುವುದು."

"ಬೇಕಾದಾಗ ಬನ್ನಿ. ಬಾಗಿಲು ಹಾಕಿಲ್ಲವಲ್ಲ."

"ಬೇಕಾದಾಗ ಬರಲಿಕ್ಕಾಗದ್ದೇ ನನ್ನ ಕಾಯಿಲೆ. ಬಂದರೂ ಮಜಾಮಾ ಎನ್ನುತ್ತೇನೆ. ಯಾರು ಕೇಳಿದರೂ ಹಾಗೇ ಎನ್ನುತ್ತೇನೆ, ಎರಡು ಕಡೆ ಹಿಡಿದುಕೊಂಡು ತಂದ ದಿವಸವೂ ಗೇಟಿನವನಿಗೆ ಹಾಗೇ ಎಂದೆನಂತೆ. ಆದ್ದರಿಂದ ನಾನು ಚೆನ್ನಾಗಿರುವಾಗ ಹೇಗಿರುತ್ತೇನೆ ಎಂದು ನಿಮ್ಮಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ನೋಡಿಟ್ಟುಕೊಳ್ಳಿ. ಹೀಗಿರುತ್ತೇನೆ."

"ಹೀಗೆ ಅಂದರೆ? ಜಗಳಗಂಟರಾಗಿ?"

"ಹೌದು. ಸಾಂಬಾರಿಗೆ ಸಕ್ಕರೆ ಕೇಳಿದವರನ್ನೂ ಬಿಡುವುದಿಲ್ಲ. ಅದನ್ನೂ ಬರೆದುಕೊಳ್ಳಿ."

ಬರೆದುಕೊಂಡರು. ನನ್ನ ತರ್ಕಕ್ಕೆ ಸೋತು ಬರೆದುಕೊಂಡರು ಎಂದು ಹೇಳಿಕೊಳ್ಳಲು ಇಷ್ಟ, ಆದರೆ ಬಾಗಿಲಲ್ಲಿ ಜನ ಇಣುಕುತ್ತಿದ್ದರು. ಅಂತೂ ಮುಂದಿನ ತಿಂಗಳ ತಾರೀಖು ಸಿಕ್ಕಿತು. ಮನೆಗೆ ಬಂದು ಅದನ್ನು ಹೆಂಡತಿಗೆ ತೋರಿಸಿದೆ. ಅವಳು ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಗುರುತು ಹಾಕಿದಳು.

ಆಮೇಲೆ ಪ್ರತಿ ತಿಂಗಳು ಹೋದೆ. ಪ್ರತಿ ತಿಂಗಳು ಬೆಂಚಿನ ಕಾಲಿನ ಬಗ್ಗೆ ದೂರು ಕೊಟ್ಟೆ. ಡಾಕ್ಟರು ಪ್ರತಿ ತಿಂಗಳು, "ಇನ್ನೂ ಯಾಕೆ ಬರುತ್ತಿದ್ದೀರಿ, ಕಾಕಾ?" ಎಂದರು. ಕೇಸ್ ಪೇಪರ್ ಕೊಡುವ ಕಿಟಕಿಯಲ್ಲಿದ್ದವನು ನನಗೆ ಮಜಾಮಾ-ಕಾಕಾ ಎಂದು ನಾಮಕರಣ ಮಾಡಿದ. ನನ್ನ ಸಮಯ ಹತ್ತು ನಿಮಿಷವೆಂದು ಮಾತು, ಸಿಗುತ್ತಿದ್ದದ್ದು ಮೂರೋ ನಾಲ್ಕೋ. ಅಷ್ಟರಲ್ಲೇ ಜಗಳ ಮುಗಿಸುವುದನ್ನು ಕಲಿತೆ.

ಚಳಿಗಾಲ ಬಂತು. ಸಂಕ್ರಾಂತಿಯ ಗಾಳಿಪಟದ ಹಬ್ಬದ ದಿನ ಊರಿಗೆ ಊರೇ ತಾರಸಿಯ ಮೇಲಿತ್ತು. ನಮ್ಮ ಅಣ್ಣಯ್ಯನೂ ಪಂಚೆ ಎತ್ತಿ ಕಟ್ಟಿ ಮೇಲೆ ಹೋಗಿದ್ದ. ನಾನು ಗಲ್ಲಾದಲ್ಲಿ ಕಾಫಿ ಕುಡಿಯುತ್ತಾ ಕುಳಿತಿದ್ದೆ. ಅರ್ಧ ಲೋಟ ಮುಗಿದ ಮೇಲೆ ತಿಳಿಯಿತು, ಅದಕ್ಕೆ ಪರಿಮಳ ಇರಲಿಲ್ಲ. ಹೆಂಡತಿಗೆ ಹೇಳಬೇಕು ಎಂದುಕೊಂಡೆ. ಆದರೆ ಹೇಳಲು ಮನಸ್ಸು ಬರಲಿಲ್ಲ. ನಾಲ್ಕು ದಿನ ಕಳೆದು ಯಾರೋ ಸಾಂಬಾರಿಗೆ ಸಕ್ಕರೆ ಕೇಳಿದರು. "ಹಾಕಿ ಕೊಡಿ" ಎಂದೆ. ಅಡುಗೆಮನೆಯ ಕಿಂಡಿಯಲ್ಲಿ ಹೆಂಡತಿಯ ಮುಖ ಕಂಡಿತು. ಒಳಗೆ ಹೋಗಿ ನೀಲಿ ಅಂಗಿಯನ್ನು ತೆಗೆದು ಇಸ್ತ್ರಿ ಪೆಟ್ಟಿಗೆ ಬಿಸಿಗಿಟ್ಟಳು.

"ಎಲ್ಲಿಗೂ ಹೋಗುವುದಿಲ್ಲ" ಎಂದೆ.

"ಹೋಗಬೇಕಂತ ಯಾರು ಹೇಳಿದ್ದು? ನಾಳೆ ತಾರೀಖು ಉಂಟು, ಅಷ್ಟೇ."

ತಾರೀಖು ಇತ್ತು. ಹೋದೆ. ಹೋಗಲು ಬೇರೆ ಯಾವ ಕಾರಣವೂ ನನ್ನಲ್ಲಿ ಉಳಿದಿರಲಿಲ್ಲ.

"ಕೇಮ್ ಛೋ, ಕಾಕಾ?"

"ಮಜಾಮಾ."

ಡಾಕ್ಟರ ಪೆನ್ನು ಎದ್ದದ್ದು ಹಾಗೇ ನಿಂತಿತು. ಅವರು ನನ್ನನ್ನು ನೋಡಿದರು.

"ಬೆಂಚಿನ ಕಾಲು ಇನ್ನೂ ಹಾಗೇ ಇದೆ. ನೋಡಿದಿರಾ?" ಎಂದು ಅವರೇ ಕೇಳಿದರು.

"ಇರಲಿ ಬಿಡಿ."

"ಇರಲಿ ಬಿಡಿ" ಎಂದು ಅವರು ನನ್ನ ಮಾತನ್ನೇ ಮೆಲ್ಲಗೆ ಹೇಳಿಕೊಂಡರು. "ಸಾಂಬಾರಿಗೆ ಸಕ್ಕರೆ ಕೇಳಿದರೆ?"

"ಕೊಡುತ್ತೇವೆ."

ಡಾಕ್ಟರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕುಳಿತರು. ಆ ದಿನ ನನಗೆ ಪೂರ್ತಿ ಹತ್ತು ನಿಮಿಷ ಸಿಕ್ಕಿತು, ಅದಕ್ಕಿಂತ ಹೆಚ್ಚೇ ಸಿಕ್ಕಿರಬೇಕು. ನಿಲ್ಲಿಸಿದ್ದ ಮಾತ್ರೆ ಮತ್ತೆ ಶುರುವಾಯಿತು. ತಿಂಗಳಿಗೊಮ್ಮೆ ಎನ್ನುವುದು ವಾರಕ್ಕೊಮ್ಮೆ ಆಯಿತು. ಹೆಂಡತಿಯನ್ನೂ ಕರೆಸಿ ಮಾತಾಡಿದರು. ಆ ಚಳಿಗಾಲವಿಡೀ ನಾನು ಗಲ್ಲಾದಲ್ಲಿ ಮಂಕಾಗಿ, ಚಿಲ್ಲರೆ ತಪ್ಪಾಗಿ ಕೊಡುತ್ತಾ, ಆದರೆ ಕುಳಿತೇ ಇದ್ದೆ. ಗೋಡೆ ಬಂದು ಬಾಗಿಲಲ್ಲಿ ನಿಂತಿತ್ತು, ಒಳಗೆ ಬರಲಿಲ್ಲ. ಅಣ್ಣಯ್ಯ ಈ ಸಲ ನನ್ನ ವಿನಯವನ್ನು ಹೊಗಳಲಿಲ್ಲ. ಸಕ್ಕರೆ ಕೇಳಿದವನೊಬ್ಬನಿಗೆ ತಾನೇ ಅಡುಗೆಮನೆಯಿಂದ ಬಂದು, "ಪಾಯಸ ಬೇರೆ ಉಂಟು" ಎಂದು ಹೇಳಿ ಹೋದ. ಅವನಿಗೆ ಜಗಳ ಬರುವುದಿಲ್ಲ. ಹೋಳಿಯ ಹೊತ್ತಿಗೆ ಒಂದು ಬೆಳಿಗ್ಗೆ ಡಿಕಾಕ್ಷನ್ನಿನ ಪರಿಮಳ ಗಲ್ಲಾದ ತನಕ ಬಂತು. ನಾನು ಭಟ್ಟರನ್ನು ಕರೆದು, ಇಷ್ಟು ತೆಳ್ಳಗೆ ಮಾಡಿದರೆ ಜನ ಕುಡಿಯುವುದು ಹೇಗೆ ಎಂದು ಗದರಿದೆ. ಒಳಗೆ ಹೆಂಡತಿಯ ಕೈಯಿಂದ ಒಂದು ಪಾತ್ರೆ ಬಿತ್ತು.

ಇಲ್ಲಿಗೆ ಮುಗಿಸಿದರೆ ಆಸ್ಪತ್ರೆಗಳಿಗೆ ಬುದ್ಧಿ ಬಂತು ಎಂದು ಓದುವವರು ತಿಳಿದಾರು. ಮಳೆಗಾಲದಲ್ಲಿ ಆ ಡಾಕ್ಟರು ಬೇರೆ ಕಡೆ ಕೆಲಸ ಸಿಕ್ಕಿ ಹೋದರು. ಹೋಗುವ ಮೊದಲು ನನ್ನ ಕೇಸ್ ಪೇಪರಿನಲ್ಲಿ ಉದ್ದಕ್ಕೆ ಏನೋ ಬರೆದಿದ್ದರಂತೆ. ಮುಂದಿನ ತಾರೀಖಿಗೆ ಹೋದಾಗ ಹಳೆಯ ಕಾಗದ ಸಿಗಲಿಲ್ಲ. ಹೊಸದು ಮಾಡಿಸಿ ಎಂದರು. ಒಳಗೆ ಕುಳಿತಿದ್ದವರು ಕನ್ನಡಕದ ತರುಣ. ನನ್ನ ಅಂಗಿಯ ಇಸ್ತ್ರಿಯನ್ನು ನೋಡಿದರು, ಖಾಲಿ ಕಾಗದವನ್ನು ನೋಡಿದರು.

"ಕೇಮ್ ಛೋ?"

"ಚೆನ್ನಾಗಿದ್ದೇನೆ."

"ಹಾಗಿದ್ದರೆ ಯಾಕೆ ಬಂದಿರಿ? ತೊಂದರೆ ಆದಾಗ ಬನ್ನಿ, ಕಾಕಾ."

ಅವರು ಪೆನ್ನಿನ ಮುಚ್ಚಳ ಹಾಕಿದರು. ನಾನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡೆ.

"ಹೇಳುತ್ತೇನೆ" ಎಂದೆ. "ಮೊದಲು ಆ ಹೊರಗಿನ ಬೆಂಚಿನ ವಿಷಯ."